ಕರಿಗುಂಡಿನ ಕಡವಿನಲ್ಲಿ ಮೂರು ಕೂಗು

ಚೀಕಲಪರ್ವಿಯಿಂದ ಹೊಳೆಗುಂಟ ಒಂದು ಹರದಾರಿ ಕೆಳಗೆ ನಡೆದರೆ ಹೊಳೆ ದಾಟುವ ಜಾಗ, ಕರಿಗುಂಡಿನ ಕಡವು. ದಂಡೆಯಲ್ಲಿ ಆನೆ ಮಗ್ಗುಲಾಗಿ ಮಲಗಿದಂಥ ಕರಿ ಬಂಡೆ, ಅದಕ್ಕೇ ಆ ಹೆಸರು. ತುಂಗಭದ್ರೆಯ ನಟ್ಟನಡುವೆ ಒಂದು ನಡುಗಡ್ಡೆ, ಜನರ ಬಾಯಲ್ಲಿ ಬರೀ ಗಡ್ಡೆ. ದೊಡ್ಡದೇನಲ್ಲ. ಅದರ ಮೇಲೆ ನಿಂತು ಕೋಳಿ ಕೂಗಿದರೆ ಕೊಕ್ಕು ಒಂದು ನೀರಿನ ಮೇಲೆ, ಬಾಲ ಇನ್ನೊಂದು ನೀರಿನ ಮೇಲೆ. ಅಷ್ಟು ಜಾಗದಲ್ಲಿ ಒಂದು ಜೋಪಡಿ, ಎರಡು ಜಾಲಿಗಿಡ, ನಾಲ್ಕು ಮಡಿ ಮೆಣಸಿನಗಿಡ, ಮತ್ತು ಮೂವತ್ತೇಳು ವರ್ಷ ಒಂದೇ ಗಂಗಾಳದಲ್ಲಿ ಉಂಡ ಗೋಪಮ್ಮ, ಯಂಕೋಬ ಎಂಬ ಗಂಡಹೆಂಡತಿ.

ಗೋಪಮ್ಮ ಅಂಬಿಗರವಳು. ಹರಿಗೋಲು ನಡೆಸುವುದರಲ್ಲಿ ಅವಳನ್ನು ಮೀರಿಸಿದವರು ಎರಡೂ ದಂಡೆಯಲ್ಲಿ ಇರಲಿಲ್ಲ. ಒಂದು ಮಹಾಪೂರದಲ್ಲಿ ಎರಡು ಎತ್ತು, ಬಂಡಿ, ಬಂಡಿಯ ಮೇಲಿನ ಮದುಮಗ, ಮದುಮಗನ ಅತ್ತೆ, ಇಷ್ಟನ್ನೂ ಒಂದೇ ಸಲಕ್ಕೆ ದಾಟಿಸಿದಳಂತೆ. ಎತ್ತಿಗೆ ವಾಲಲಿಲ್ಲ, ಬಂಡಿಗೆ ವಾಲಲಿಲ್ಲ, ಅತ್ತೆ ಬಾಯಿ ತೆರೆದಾಗ ಮಾತ್ರ ಹರಿಗೋಲು ತುಸು ವಾಲಿತು ಎಂದು ಚೀಕಲಪರ್ವಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಆ ಮದುವೆಗೆ ಹೋಗಿದ್ದೆನೆಂದು ಆಣೆಯಿಟ್ಟು ಹೇಳುವವರ ತಲೆ ಎಣಿಸಿದರೆ ಆ ದಿನ ಮಾನ್ವಿ ತಾಲ್ಲೂಕಿನಲ್ಲಿ ಮನೆ ಕಾಯಲು ನಾಯಿಯೂ ಉಳಿದಿರಲಿಕ್ಕಿಲ್ಲ.

ಈ ಕಡವಿಗೆ ಒಂದು ರಿವಾಜಿತ್ತು. ದಂಡೆಗೆ ಬಂದವನು "ಓ ಹರಿಗೋಲೂ" ಎಂದು ಮೂರು ಸಲ ಕೂಗಬೇಕು. ಒಂದು ಕೂಗನ್ನು ದನ ಕಾಯುವವನು ಬೇಸರಕ್ಕೂ ಕೂಗಿಯಾನು, ಎರಡನ್ನು ಕುಡಿದವನು ಚಪಲಕ್ಕೂ ಕೂಗಿಯಾನು. ಮೂರು ಕೂಗುವವನಿಗೆ ಮಾತ್ರ ನಿಜಕ್ಕೂ ದಾಟುವ ಕೆಲಸವಿರುತ್ತದೆ. ಅದಕ್ಕೇ ಮೂರನೆಯ ಕೂಗಿಗೆ ಮೊದಲು ಅಂಬಿಗ ಏಳುವುದಿಲ್ಲ. ಮೂರಾದ ಮೇಲೆ ಕುಂತಿರುವಂತಿಲ್ಲ. ಕೂಗಿದವನು ಕಳ್ಳನಿರಲಿ, ಕೊತ್ವಾಲನಿರಲಿ, ಹೆಸರು ಕೇಳದೆ ದಾಟಿಸಬೇಕು. ಕೂಗಿದವನಿಗೂ ಅಷ್ಟೇ, ಮೂರು ಕೂಗಿದರೆ ಅವನ ಕೆಲಸ ತೀರಿತು, ಹೊಣೆ ಕೇಳಿದವನದು. ಹೊಳೆ ದಂಡೆಯ ಜನ ಈ ರಿವಾಜನ್ನು ನೀರಿನಿಂದ ಮೇಲಕ್ಕೂ ಒಯ್ದಿದ್ದರು. ಯಾರದಾದರೂ ಬಾಗಿಲಲ್ಲಿ ನಿಂತು ಮೂರು ಸಲ ಕರೆದು ಓ ಎನ್ನುವವರಿಲ್ಲದಿದ್ದರೆ, ಒಳಗೆ ಯಾರೂ ಇಲ್ಲವೆಂದೇ ತಿಳಿದು ಹೊರಟುಬಿಡುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತಾರರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕರಿಗುಂಡಿನಿಂದ ಮೂರು ಕೂಗು ಬಂದವು. ಯಂಕೋಬ ಜೋಳ ಬೀಸಿಸಿಕೊಂಡು ಬರಲು ಊರಿಗೆ ಹೋಗಿದ್ದ. ಗೋಪಮ್ಮ ಹರಿಗೋಲು ಒಯ್ದು ನೋಡಿದರೆ ಇಬ್ಬರು. ಬಿಳಿ ಟೋಪಿಯವನು ತಾಯಣ್ಣ. ನಿಜಾಮನ ಕಾಲದಲ್ಲಿ ಗುಲಬರ್ಗಾ ಜೇಲು ಕಂಡವನು, ಎಪ್ಪತ್ತೆರಡರಲ್ಲಿ ಸರ್ಕಾರ ಅವನಿಗೆ ತಾಮ್ರದ ಫಲಕ ಕೊಟ್ಟಿತ್ತು. ಅದನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಈಗ ಅದರಲ್ಲಿ ಅವನ ಹೆಸರಿನ ಬದಲು ಅವನ ಮುಖವೇ ಕಾಣುತ್ತಿತ್ತು. ಅವನ ಹಿಂದೆ ಸೆರಗು ಬಾಯಿಗೊತ್ತಿ ನಿಂತವಳು ಮಾರೆಮ್ಮ, ಗೋಪಮ್ಮನ ತೀರಿಹೋದ ಅಣ್ಣ ಮಾಳಿಂಗಪ್ಪನ ಹೆಂಡತಿ. ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ತೌಡು ಸಾಣಿಸಿದ ಹೆಂಗಸು. ಆ ತೌಡಿನಲ್ಲಿ ಅರ್ಧ ಗಿರಣಿಯವರಿಗೆ ಹೋಯಿತು, ಅರ್ಧ ಅವಳ ಎದೆಯೊಳಗೆ ಕೂತಿತು.

ಗಡ್ಡೆಗೆ ಬಂದು, ಕೊಟ್ಟ ನೀರು ಕುಡಿದು, ತಾಯಣ್ಣ ವಿಷಯಕ್ಕೆ ಬಂದ.

"ಯವ್ವಾ ಗೋಪಮ್ಮ, ಗಡಿ ಕ್ಯಾಂಪಿನ್ಯಾಗ ಇದ್ದವರಿಗೂ ಪಿಂಚಣಿ ಅಂತ ಕಾಗದ ಬಂದದ. ಮಾಳಿಂಗಪ್ಪ ಇಲ್ಲ, ಮಾರೆಮ್ಮಗ ಸಿಗ್ತದ. ಆದ್ರ ಅಂವ ಜೇಲಿಗಿ ಹೋಗಿಲ್ಲ ನೋಡು, ದಾಖಲಿ ಇಲ್ಲ. ಕಣ್ಣಾರೆ ಕಂಡ ಇಬ್ಬರು ಹೇಳಬೇಕಂತ. ಒಬ್ಬಾಂವ ನಾನು."

"ಮತ್ತೊಬ್ಬಾಂವ ಯಾರು?"

"ಮತ್ತೊಬ್ಬಾಂವ ಎಲ್ಲಿಂದ ತರ್ಲಿ? ಎಲ್ಲಾರೂ ಸತ್ತಾರ. ಅವತ್ತು ನಾಕಾ ಸುಡಾಕ ನಮ್ಮನ್ನ ದಾಟಿಸಿದಾಕಿ ನೀನಾ ಉಳದೀದಿ."

ಗೋಪಮ್ಮ ಮೆಣಸಿನಗಿಡದ ಕಡೆ ನೋಡಿದಳು. ಈಚೆ ದಂಡೆಯಲ್ಲಿ, ಕರಿಗುಂಡಿನ ಮೇಲ್ಗಡೆ, ಹಳೆಯ ಸುಂಕದ ನಾಕಾದ ಮೊಂಡು ಗೋಡೆ ಇನ್ನೂ ನಿಂತಿತ್ತು.

"ಮಾನ್ವಿಗಿ ಬಂದು ಸಾಹೇಬರ ಮುಂದ ಹೇಳಿದ್ರ ಆತು. ಆಮ್ಯಾಲೆ ಅವರ ಇಲ್ಲಿಗಿ ಬಂದು ಪಂಚನಾಮಿ ಮಾಡಿ, ಊರ ಚಾವಡ್ಯಾಗ ಓದಿ ಹೇಳ್ತಾರ. ನಿನಗೂ ಒಂದು ಶಾಲು ಹಾಕಸ್ತೀನಿ ಬಿಡು."

"ಚಾವಡ್ಯಾಗ ಓದ್ತಾರಾ?"

"ಮೈಕಿನ್ಯಾಗ!" ಎಂದ ತಾಯಣ್ಣ, ಸಂತೋಷದ ಸುದ್ದಿ ಎಂಬಂತೆ.

ಮಾರೆಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಬಾಯಿಗೊತ್ತಿಕೊಂಡಳು. ಕೆಮ್ಮಿದಳು. ಒಮ್ಮೆ ಶುರುವಾದ ಅವಳ ಕೆಮ್ಮು ಸಿಂಧನೂರು ಬಸ್ಸಿನಂತೆ, ಎಲ್ಲ ಊರಲ್ಲೂ ನಿಂತು ನಿಂತು ಹೋಗುವಂಥದು. ಅದು ಮುಗಿಯುವ ತನಕ ಗೋಪಮ್ಮ ಅವಳ ಬೆನ್ನು ತಿಕ್ಕಿದಳು. ಆಮೇಲೆ ಗೋಪಮ್ಮ ಅವರನ್ನು ದಾಟಿಸಿ ಬಂದಳು, ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಯಾಕೆಂದರೆ ಆ ದಿನ ನಾಕಾ ಸುಟ್ಟವರನ್ನು ದಾಟಿಸಿದವಳು ಯಾರು ಎಂಬುದು ಒಬ್ಬನಿಗೆ ಮಾತ್ರ ಗೊತ್ತಾಗಬಾರದಿತ್ತು. ಆ ಒಬ್ಬ ಅವಳ ಗಂಡ.

ನಲವತ್ತೆಂಟರಲ್ಲಿ ಈ ಹೊಳೆ ಎರಡು ರಾಜ್ಯಗಳ ನಡುವೆ ಹರಿಯುತ್ತಿತ್ತು. ಆ ದಂಡೆ ಕರ್ನೂಲು ಸೀಮೆ. ಅಲ್ಲಿ ಬ್ರಿಟಿಷರ ಬಾವುಟ ಇಳಿದು ವರ್ಷವಾಗಿತ್ತು. ಈ ದಂಡೆ ರಾಯಚೂರು ಸೀಮೆ. ಇಲ್ಲಿ ಇನ್ನೂ ನಿಜಾಮನ ಆಳಿಕೆ, ರಜಾಕಾರರ ಹಾವಳಿ. ಊರು ಬಿಟ್ಟು ಆಚೆ ಹೋದವರು ಅಲ್ಲಿ ಕ್ಯಾಂಪು ಹಾಕಿ, ಈಚೆ ಬಂದು ತಂತಿ ಕಡಿದು, ಠಾಣೆಗಳ ಕಾಗದ ಸುಟ್ಟು ಓಡುತ್ತಿದ್ದರು. ಮಾಳಿಂಗಪ್ಪ ಆ ಕ್ಯಾಂಪಿನಲ್ಲಿದ್ದ.

ಕರಿಗುಂಡಿನ ಮೇಲೆ ಇದ್ದದ್ದು ಸುಂಕದ ಠಾಣೆ, ಜನ ಅದನ್ನು ಕರೋಡಗಿರಿ ನಾಕಾ ಎನ್ನುತ್ತಿದ್ದರು. ಅಲ್ಲಿ ಇಬ್ಬರೇ ಇಬ್ಬರು. ಜಮಾದಾರ ಲಾಡ್ಲೆಸಾಬ, ದೇವದುರ್ಗದ ಮುದುಕ. ಜವಾನ ಯಂಕೋಬ, ಅದೇ ತಾಲ್ಲೂಕಿನ ಗೂಗಲ್ಲಿನವನು, ಇಪ್ಪತ್ತನಾಲ್ಕರ ಹುಡುಗ. ತಂದೆತಾಯಿ ಇಲ್ಲದ ಯಂಕೋಬನನ್ನು ಅಲ್ಲಮಪ್ರಭು ಗುಡಿಯ ಕಟ್ಟೆಯಿಂದ ಎಬ್ಬಿಸಿಕೊಂಡು ಬಂದು ನೌಕರಿಗೆ ಹಚ್ಚಿದವನು ಲಾಡ್ಲೆಸಾಬನೇ. ಉರ್ದುವಿನ ಅಲೀಫ್ ಬೇ ಕಲಿಸಿದವನೂ ಅವನೇ, ಜ್ವರ ಬಂದಾಗ ಗಂಜಿ ಕಾಸಿದವನೂ ಅವನೇ. ಯಂಕೋಬನ ಎದೆಯ ಮೇಲೆ ನಿಜಾಮನ ಬಿಲ್ಲೆ ಇತ್ತು ನಿಜ. ಆದರೆ ಅವನ ಸರ್ಕಾರ ಹೈದರಾಬಾದಿನಲ್ಲಿರಲಿಲ್ಲ, ಪಕ್ಕದ ಮಂಚದ ಮೇಲೆ ಹುಕ್ಕಾ ಸೇದುತ್ತ ಕೂತಿತ್ತು.

ಆ ಸರ್ಕಾರಕ್ಕೆ ಒಂದೇ ಊನ. ಕಿವಿ. ರಂಜಾನಿಗೆ ತೋಪು ಹಾರಿಸಿದರೆ ಲಾಡ್ಲೆಸಾಬ ಬಕ್ರೀದಿನ ಹೊತ್ತಿಗೆ "ಯಾರೋ ಬಾಗಿಲು ಬಡದಾಂಗಾತು" ಎನ್ನುವಷ್ಟು ಕಿವುಡು. ಇದು ಮೇಲಿನವರಿಗೆ ಗೊತ್ತಾದರೆ ನೌಕರಿ ಹೋಗುತ್ತಿತ್ತು, ದೇವದುರ್ಗದಲ್ಲಿ ತಾಯಿಲ್ಲದ ಎಂಟು ವರ್ಷದ ಮಗಳು ಹುಸೇನಬಿ ಉಪವಾಸ ಬೀಳುತ್ತಿದ್ದಳು. ಅದಕ್ಕೇ ಯಂಕೋಬ ಅವನ ಕಿವಿಯಾಗಿ ನಿಂತ. ಯಾರಾದರೂ ಏನಾದರೂ ಕೇಳಿದರೆ ಹಿಂದೆ ನಿಂತು ಮುದುಕನ ಬೆನ್ನ ಮೇಲೆ ಬೆರಳಾಡಿಸುವನು. ಒಂದು ಗೀರಿದರೆ ಹೌದು, ಎರಡು ಗೀರಿದರೆ ಇಲ್ಲ. ಇಡೀ ಸೀಮೆಯಲ್ಲಿ ಈ ಗುಟ್ಟು ಬಲ್ಲವರು ಮೂವರು: ಲಾಡ್ಲೆಸಾಬ, ಯಂಕೋಬ, ಮತ್ತು ಯಂಕೋಬ ಪ್ರೀತಿಯ ಹುರುಪಿನಲ್ಲಿ ಬಾಯಿಬಿಟ್ಟ ಕಾರಣ ಗೋಪಮ್ಮ.

"ಯಾರ ಮುಂದೂ ಅನಬ್ಯಾಡ, ಮುದುಕನ ಅನ್ನ ಹೋಗ್ತದ" ಎಂದಿದ್ದ. ಅವಳು ಹೊಳೆಯ ನೀರು ಮುಟ್ಟಿ ಹೂಂ ಅಂದಿದ್ದಳು.

ಅವರ ಪ್ರೀತಿ ಹುಣಸೆಹಣ್ಣಿನ ಬುಟ್ಟಿಯಲ್ಲಿ ಶುರುವಾಗಿತ್ತು. ಆಗ ಅವಳಿಗೆ ಹತ್ತೊಂಬತ್ತು, ಅಪ್ಪನ ಕಣ್ಣು ಮಂಜಾಗಿ ಹರಿಗೋಲು ಅವಳ ಕೈಗೆ ಬಂದಿತ್ತು. ಅವಳು ದಾಟಿಸಿದ ಪ್ರತಿ ಬುಟ್ಟಿಯನ್ನೂ ಯಂಕೋಬ ಸುಂಕಕ್ಕಾಗಿ ತಪಾಸು ಮಾಡುವನು. ಒಂದು ಬುಟ್ಟಿ ಹುಣಸೆಹಣ್ಣನ್ನು ಬೀಜ ಬೀಜವಾಗಿ ಎಣಿಸುತ್ತ ಮುಂಜಾನೆಯಿಂದ ಸಂಜೆ ಮಾಡಿದ್ದೂ ಉಂಟು. ಕೊನೆಗೆ ಅವಳೇ, "ಇನ್ನ ಬೀಜದಾಗ ಗಿಡ ಹುಟ್ಟೂತನ ಕುಂದ್ರತೀಯೇನು?" ಎಂದು ಕೇಳಿದಳಂತೆ. ಅಲ್ಲಿಂದ ಒಂದು ಸಂಜ್ಞೆ ಕಟ್ಟಿಕೊಂಡರು. ಗಡ್ಡೆಯ ಮೇಲಿಂದ ಗೋಪಮ್ಮನೇ "ಓ ಹರಿಗೋಲೂ" ಎಂದು ಮೂರು ಸಲ ಕೂಗುವುದು. ಹರಿಗೋಲಿನವಳೇ ಹರಿಗೋಲನ್ನು ಕರೆದರೆ ಕೇಳಿದವರು ಹುಚ್ಚಿ ಅನ್ನುತ್ತಿದ್ದರು. ಯಂಕೋಬ ಕರಿಗುಂಡಿಗೆ ಇಳಿದು ಬರುತ್ತಿದ್ದ.

ನಲವತ್ತೆಂಟರ ಶ್ರಾವಣದ ಒಂದು ಬೆಳಕು ಹರಿಯುವ ಹೊತ್ತು. ಹೊಳೆಯ ಮೇಲೆ ಮಂಜು. ಆಚೆ ದಂಡೆಯಿಂದ ಮೂರು ಕೂಗು. ಹೋದರೆ ಮಾಳಿಂಗಪ್ಪ, ತಾಯಣ್ಣ, ಮತ್ತೆ ನಾಲ್ವರು, ಕೈಯಲ್ಲಿ ಸೀಮೆಎಣ್ಣೆ ನಾರುವ ಘಾಸಲೇಟಿನ ಡಬ್ಬಿ. ಹರಿಗೋಲು ಬಿಡುವ ಮೊದಲು ಮಾಳಿಂಗಪ್ಪ ತಂಗಿಯ ಬೊಗಸೆಗೆ ನೀರು ತುಂಬಿ, "ನಾಕಾದವರಿಗಿ ಒಂದು ಮಾತು ಹೇಳಿದ್ರ ಈ ನೀರಿನ್ಯಾಗ ನನ್ನ ಹೆಣ ತೇಲ್ತದ" ಎಂದು ಆಣೆ ಹಾಕಿಸಿದ.

"ಒಳಗ ಇದ್ದವರು?" ಎಂದಳು ಗೋಪಮ್ಮ.

"ನಾವೇನು ಕಟುಕರೇನು? ಮೂರು ಸಲ ಕೂಗ್ತೀವಿ. ಹೊರಗ ಬಂದ್ರ ಬಿಟ್ಟಬಿಡ್ತೀವಿ. ನಮಗ ಕಾಗದ ಸುಟ್ಟರ ಸಾಕು."

ಅವರನ್ನು ಮೇಲಿನ ಪೊದೆಯ ಹತ್ತಿರ ಇಳಿಸಿ ಅವಳು ಗಡ್ಡೆಗೆ ವಾಪಸಾದಳು. ನಾಕಾದವರಿಗೆ ಹೇಳುವುದಿಲ್ಲವೆಂದು ಅಣ್ಣನಿಗೆ ಆಣೆ. ಮುದುಕನ ಕಿವಿಯ ಮಾತು ಎತ್ತುವುದಿಲ್ಲವೆಂದು ಯಂಕೋಬನಿಗೆ ಆಣೆ. ಎರಡೂ ಒಂದೇ ಹೊಳೆಯ ನೀರು. ಆದರೆ ಕೂಗುವುದು ಹೇಳಿದಂತಲ್ಲವಲ್ಲ ಎಂದುಕೊಂಡು ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. ಒಂದು. ಎರಡನೆಯದು ಕೂಗುವಾಗ ಹೊಳೆಯಿತು: ಯಂಕೋಬ ಹೊರಗೆ ಬಂದರೆ ಮುದುಕನ ಕಿವಿಯೂ ಹೊರಗೆ ಬಂದಂತೆ. ಹೊಳೆದ ಮೇಲೂ ಮೂರನೆಯದನ್ನು ಕೂಗಿದಳು. ಮನಸ್ಸಿನಲ್ಲಿ ಆ ಹೊತ್ತಿಗೆ ಒಬ್ಬನಿಗಷ್ಟೇ ಜಾಗವಿತ್ತು.

ಯಂಕೋಬ ಕರಿಗುಂಡಿಗೆ ಓಡಿಬಂದ. ಮೇಲೆ ಮಾಳಿಂಗಪ್ಪನ ಮಂದಿ ನಾಕಾದ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರು, ಹೊಟ್ಟೆಯೊಳಗಿಂದ ಕೂಗಿದರು, ಮೋಸ ಮಾಡಲಿಲ್ಲ. ಗಾಳಿ ಹೊಳೆಯಿಂದ ಮೇಲಕ್ಕೆ ಬೀಸುತ್ತಿತ್ತು, ಆ ಕೂಗು ಕೆಳಗಿದ್ದ ಯಂಕೋಬನಿಗೆ ಮುಟ್ಟಲಿಲ್ಲ. ಒಳಗಿಂದ ಓ ಅನ್ನುವವರಿಲ್ಲ. ಹೊಳೆ ದಂಡೆಯ ಜನ. ಒಳಗೆ ಯಾರೂ ಇಲ್ಲವೆಂದು ತಿಳಿದರು.

ಹೊಗೆ ಕಂಡು ಯಂಕೋಬ ಹತ್ತಿ ಹೋಗುವಷ್ಟರಲ್ಲಿ ಚಾವಣಿ ಕುಸಿದಿತ್ತು. ಬರಿಗೈಯಿಂದ ತೊಲೆ ಎತ್ತಿ ಲಾಡ್ಲೆಸಾಬನನ್ನು ಎಳೆದು ತಂದ. ಉಸಿರಿರಲಿಲ್ಲ. ಅವತ್ತು ಬೆಂದ ಅಂಗೈಯಲ್ಲಿ ಮುಂದೆಂದೂ ಗೆರೆ ಕಾಣಲಿಲ್ಲ. ಕೈ ನೋಡಿ ಭವಿಷ್ಯ ಹೇಳುವ ಬುಡಬುಡಿಕೆಯವನೊಬ್ಬ ಆಮೇಲೆ ಅದನ್ನು ಕಂಡು ದಕ್ಷಿಣೆಯನ್ನೂ ಕೇಳದೆ ಎದ್ದು ಹೋದ.

ತಿಂಗಳೊಪ್ಪತ್ತಿನಲ್ಲಿ ಮಿಲಿಟರಿ ಬಂತು, ನಿಜಾಮನ ರಾಜ್ಯ ಮುಗಿಯಿತು. ನಾಕಾ ಬೇಡವಾಯಿತು, ಬಿಲ್ಲೆ ಬೇಡವಾಯಿತು. ಠಾಣೆ ಬಿಟ್ಟು ಹೆಣ್ಣಿನ ಹಿಂದೆ ಹೋಗಿ ಮುದುಕನನ್ನು ಕೊಂದವನು ಎಂದು ಯಂಕೋಬ ತನಗೆ ತಾನೇ ಶಿಕ್ಷೆ ಬರೆದುಕೊಂಡ. ಮರುವರ್ಷ ಗಡ್ಡೆಗೆ ಬಂದು, "ನನಗ ಆ ದಂಡಿನೂ ಇಲ್ಲ, ಈ ದಂಡಿನೂ ಇಲ್ಲ. ನೀ ಇಟಗೊಂಡ್ರ ಇರ್ತೀನಿ" ಎಂದ. ಇಟ್ಟುಕೊಂಡಳು. ಸುಟ್ಟವರು ಸೋರೆಬುರುಡೆ ಕಟ್ಟಿಕೊಂಡು ಈಜಿ ಬಂದರು ಎಂಬ ಊರ ಸುದ್ದಿಯನ್ನು ಅವನು ನಂಬಿದ್ದ. ಅವಳು ಅಲ್ಲವೆನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಮೂವತ್ತೇಳು ವರ್ಷವಾಯಿತು. ನಡುವೆ ಅಣೆಕಟ್ಟು ಬಂತು, ಆಚೆ ರಸ್ತೆ ಬಂತು, ಶಕ್ತಿನಗರದ ಚಿಮಣಿಗಳೂ ಎದ್ದವು. ಆ ಒಂದು ಮಾತು ಮಾತ್ರ ಬಾಯಿಯ ತನಕ ಬರಲಿಲ್ಲ.

ವರ್ಷಕ್ಕೊಮ್ಮೆ, ಮೊಹರಮ್ಮಿನ ಅಲಾಯಿ ಹಬ್ಬಕ್ಕೆ, ಇಬ್ಬರೂ ದೇವದುರ್ಗಕ್ಕೆ ಹೋಗುತ್ತಿದ್ದರು. ಯಂಕೋಬ ಲಾಡ್ಲೆಸಾಬನ ಗೋರಿಗೆ ತನ್ನ ಕೈಯಾರೆ ಸುಣ್ಣ ಬಳಿಯುವನು. ಗೋಪಮ್ಮ ಮುಲ್ಲಾನಿಂದ ಸಕ್ಕರೆ ಓದಿಸುವಳು. ಬಳೆ ಅಂಗಡಿ ಇಟ್ಟುಕೊಂಡು ದೊಡ್ಡವಳಾದ ಹುಸೇನಬಿ ಇವರಿಗೆ ಹಬ್ಬದ ಸಿಹಿ ಚೋಂಗೆ ಮಾಡಿಕೊಡುವಳು, ಗೋಪಮ್ಮನ ಕೈಗೆ ಡಜನ್ ಬಳೆ ತೊಡಿಸಿ, "ಚಾಚಿ, ನಿನ್ನ ಕೈ ಕೈಯಲ್ಲ, ಹುಟ್ಟಿನ ಕಟ್ಟಿಗಿ" ಎಂದು ನಗುವಳು. ಪ್ರತಿ ಸಲವೂ ಗೋಪಮ್ಮ ಆ ಬಳೆಗಳನ್ನು ತಿಂಗಳೊಳಗೆ ಒಡೆದುಕೊಳ್ಳುತ್ತಿದ್ದಳು. ಹುಟ್ಟು ಹಾಕುವಾಗ ಒಡೆದವು ಎನ್ನುತ್ತಿದ್ದಳು.

ತಾಯಣ್ಣ ಬಂದುಹೋಗಿ ನಾಲ್ಕು ದಿನ ಗೋಪಮ್ಮನಿಗೆ ಅನ್ನ ಸೇರಲಿಲ್ಲ. ಸಾಕ್ಷಿ ಹೇಳದಿದ್ದರೆ ಮಾರೆಮ್ಮ ತೌಡಿನಲ್ಲೇ ಸಾಯುತ್ತಾಳೆ. ಹೇಳಿದರೆ ಚಾವಡಿಯ ಮೈಕಿನಲ್ಲಿ ಗಂಡ ಕೇಳುತ್ತಾನೆ. ಐದನೆಯ ದಿನ ಯಂಕೋಬ ಹರಿಗೋಲು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಅವಳು ಎದುರಿಗೆ ಕೂತಳು.

"ಅವತ್ತು ನಮ್ಮಣ್ಣನ ಮಂದೀನ ನಾನಾ ದಾಟಿಸಿದ್ದೆ."

ಡಾಂಬರಿನ ಚಿಂದಿ ನಿಂತಿತು.

"ಯಾವತ್ತು?"

"ಅವತ್ತು."

ಅವಳು ಎಲ್ಲ ಹೇಳಿದಳು. ಬೊಗಸೆ ನೀರು, ಘಾಸಲೇಟಿನ ಡಬ್ಬಿ, ಎರಡನೆಯ ಕೂಗಿಗೆ ಹೊಳೆದದ್ದು, ಮೂರನೆಯದನ್ನು ಕೂಗಿದ್ದು. ಯಂಕೋಬ ಹರಿಗೋಲಿನ ತಳವನ್ನೇ ನೋಡುತ್ತಿದ್ದ.

"ಮುದುಕಗ ಕೇಳಂಗಿಲ್ಲ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ನಾನಾ ಹೇಳಿದ್ದೆ."

"ನೀನಾ ಹೇಳಿದ್ದಿ. ಯಾರ ಮುಂದೂ ಅನಬ್ಯಾಡ ಅಂದಿದ್ದಿ."

ಅಂದಮೇಲೆ ಅವಳಿಗೆ ಅನ್ನಬಾರದಿತ್ತು ಎನಿಸಿತು. ಆದರೆ ಅದೂ ನಿಜವೇ ಆಗಿತ್ತು. ಯಂಕೋಬ ಚಿಂದಿಯನ್ನು ಮತ್ತೆ ಡಾಂಬರಿನಲ್ಲಿ ಅದ್ದಿ, ಉಳಿದ ಹೊಲಿಗೆಯನ್ನೆಲ್ಲ ಸಾವಕಾಶವಾಗಿ ಬಳಿದು ಮುಗಿಸಿದ. ಅಷ್ಟು ಚೊಕ್ಕಾಗಿ ಅವನು ಹಿಂದೆಂದೂ ಬಳಿದಿರಲಿಲ್ಲ. ಕೈ ಒರೆಸಿಕೊಂಡು ಹೇಳಿದ:

"ಅಲಾಯಿ ಹಬ್ಬ ಹತ್ರ ಬಂತು. ನಾ ದೇವದುರ್ಗಕ್ಕ ಹೋಗ್ತೀನಿ. ಒಬ್ಬನಾ."

ಮರುದಿನ ಅವಳೇ ದಾಟಿಸಿದಳು. ಕರಿಗುಂಡಿನ ಮೇಲೆ ಇಳಿದವನು ಯಾವಾಗ ಬರುತ್ತೇನೆ ಎನ್ನಲಿಲ್ಲ. ಸುಣ್ಣದ ಕುಂಚವನ್ನು ಬಗಲಲ್ಲಿ ಇಟ್ಟುಕೊಂಡು, ಸುಟ್ಟ ಗೋಡೆಯ ಪಕ್ಕದಿಂದ ಹತ್ತಿ ಹೋದ.

ಸೋಮವಾರ ಗೋಪಮ್ಮ ಮಾನ್ವಿಗೆ ಹೋದಳು. ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಮೇಲಿನಿಂದ ಮಂಜೂರಿ ಬರಲೆಂದು ಕಾಯುವಷ್ಟು ನಿಧಾನವಾಗಿ. ಅಧಿಕಾರಿ ಹರೆಯದವನು, ಒಳ್ಳೆಯವನು, ಅವಳಿಗೆ ಕುರ್ಚಿ ಹಾಕಿಸಿದ. ಅವಳು ನೆಲದ ಮೇಲೆಯೇ ಕೂತಳು. ತಾಯಣ್ಣ, ಮಾರೆಮ್ಮ ಬಾಗಿಲ ಹತ್ತಿರ ನಿಂತಿದ್ದರು. ಕೇಳಿದ್ದಕ್ಕೆಲ್ಲ ಹೇಳಿದಳು. ಗುಮಾಸ್ತ ಬರೆದು, ಓದಿ, ಮಸಿಯ ಡಬ್ಬಿ ಮುಂದೆ ಸರಿಸಿದ.

"ಲಾಡ್ಲೆಸಾಬನ ಮಾತು ಬರಲಿಲ್ಲಲ್ರೀ" ಎಂದಳು ಗೋಪಮ್ಮ.

"ಯಾವ ಲಾಡ್ಲೆಸಾಬ?"

"ಒಳಗ ಸತ್ತಾಂವ."

ಗುಮಾಸ್ತ ಫಾರಮ್ಮನ್ನು ತಿರುಗಿಸಿ ನೋಡಿದ. "ಅದಕ್ಕ ಇದರಾಗ ಜಾಗ ಇಲ್ಲಮ್ಮ."

ತಾಯಣ್ಣ ಓಡಿಬಂದ. "ಯವ್ವಾ, ಅದನ್ನ ಈಗ ಯಾಕ ತಗೀತಿ? ಮೂರು ಸಲ ಕೂಗಿದ್ದಿವಿ ನಾವು! ಅಂವ ಬರಲಿಲ್ಲಂದ್ರ ನಮ್ಮ ತಪ್ಪೇನು?"

"ಅಂವ ಕಿವುಡ ಇದ್ದ, ತಾಯಣ್ಣ."

ಮೂವತ್ತೆಂಟು ವರ್ಷದಿಂದ ಆ ಮುದುಕ ನಿಜಾಮನ ಮೇಲಿನ ನಿಷ್ಠೆಗೆ ಹೊರಗೆ ಬರಲಿಲ್ಲ ಎಂದೇ ತಾಯಣ್ಣ ಎಲ್ಲ ಭಾಷಣದಲ್ಲಿ ಹೇಳಿಕೊಂಡು ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನಗ ಗೊತ್ತಿತ್ತು. ನಿಮಗ ಹೇಳಲಿಲ್ಲ. ಅದನ್ನೂ ಬರೀರಿ ಸಾಹೇಬ್ರ. ಬರೀದಿದ್ರ ನಾ ಹೆಬ್ಬಟ್ಟು ಒತ್ತಂಗಿಲ್ಲ."

ಅಧಿಕಾರಿ ಬಾಗಿಲ ಕಡೆ ನೋಡಿದ. ಇದನ್ನು ಬರೆದರೆ ಮಾರೆಮ್ಮನ ಕಾಗದ ಮೇಲೆ ಹೋಗಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅವನಿಗೂ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದ. ಆಗ ಮಾರೆಮ್ಮ, ಅಷ್ಟು ದಿನದಲ್ಲಿ ಮೊದಲ ಸಲ, ಬಾಯಿಂದ ಸೆರಗು ತೆಗೆದಳು.

"ಬರೀರಿ. ನನ್ನ ಗಂಡ ಸಾಯೂ ಮುಂದ ಮೂರು ದಿನ ಮೂರು ಮೂರು ಸಲ ಕೂಗ್ಯಾನ. ಹೊರಗ ಬರ್ರಿ, ಹೊರಗ ಬರ್ರಿ ಅಂತ. ಯಾರನ್ನ ಕರೀತಾನ ಅಂತ ನನಗ ತಿಳಿದಿದ್ದಿಲ್ಲ."

ಅಧಿಕಾರಿ ಗುಮಾಸ್ತನ ಕೈಯಿಂದ ಪೆನ್ನು ತೆಗೆದುಕೊಂಡು ಹಾಳೆಯ ಬಗಲಿಗೆ ತಾನೇ ಬರೆದ. ಗೋಪಮ್ಮ ಹೆಬ್ಬಟ್ಟು ಒತ್ತಿದಳು. ಹುಟ್ಟು ಹಿಡಿದು ಸವೆದ ಬೆರಳು, ಗುರುತು ಸರಿಯಾಗಿ ಮೂಡಲಿಲ್ಲ. ಎರಡು ಸಲ ಒತ್ತಿಸಿಕೊಂಡರು.

ಹಬ್ಬ ಬಂತು, ಹೋಯಿತು. ಅಲಾಯಿ ದೇವರು ಹೊಳೆಗೆ ಹೋಗಿ ಬಂದವು. ಯಂಕೋಬ ಬರಲಿಲ್ಲ. ಗೋಪಮ್ಮ ದಿನಾ ಅವನ ಪಾಲಿನ ರೊಟ್ಟಿ ಬಡಿದು, ದಿನಾ ಅದನ್ನು ಮೀನಿಗೆ ಹಾಕಿದಳು. ಆ ಹನ್ನೊಂದು ದಿನದಲ್ಲಿ ಗಡ್ಡೆಯ ಸುತ್ತಿನ ಮೀನುಗಳು ಎಷ್ಟು ಕೊಬ್ಬಿದವೆಂದರೆ ಬಲೆ ಹಾಕಿದವರು ಬಲೆ ಬಿಟ್ಟು ಓಡಿದರು ಎಂದು ಚೀಕಲಪರ್ವಿಯವರ ಮಾತು. ಮೂರು ಕೂಗಿಗೆ ಮೂರು ಸಲ ಅಲ್ಲ, ಮೂವತ್ತು ಸಲ ಎದ್ದು ಹೋದಳು, ಯಾರ್ಯಾರನ್ನೋ ದಾಟಿಸಿದಳು. ಯಾವ ಕೂಗೂ ಅವನದಾಗಿರಲಿಲ್ಲ. ಯಂಕೋಬನ ದನಿ ತಪ್ಪುವಂಥದಲ್ಲ. ಅವನು ಈ ದಂಡೆಯಲ್ಲಿ ಕೂಗಿದರೆ ಆಚೆ ಕರ್ನೂಲು ಸೀಮೆಯಲ್ಲಿ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು.

ಹನ್ನೆರಡನೆಯ ದಿನ, ಬಿಸಿಲು ನೆತ್ತಿಗೆ ಏರುವ ಹೊತ್ತು, ಕರಿಗುಂಡಿನಿಂದ ಬಂತು.

"ಓ ಹರಿಗೋಲೂ..."

ಗೋಪಮ್ಮ ಒಲೆಯ ಮುಂದಿಂದ ಎದ್ದಳು. ಬಂಡೆಯ ಮೇಲೆ ಒಂದು ಬಿಳಿ ಅಂಗಿ.

"ಓ ಹರಿಗೋಲೂ..."

ಹುಟ್ಟು ಕೈಗೆ ತೆಗೆದುಕೊಂಡು ನೀರಿನ ಅಂಚಿಗೆ ಬಂದು ನಿಂತಳು. ನಿಂತೇ ಇದ್ದಳು. ಮೂರನೆಯದು ಬರಲಿಲ್ಲ. ಬಿಳಿ ಅಂಗಿ ಕದಲಲಿಲ್ಲ. ಅವಳು ಹುಟ್ಟಿ ಐವತ್ತೇಳು ವರ್ಷವಾಗಿತ್ತು, ಹುಟ್ಟು ಹಿಡಿದು ಮೂವತ್ತೆಂಟು. ಜಿಲ್ಲೆಯ ದೊಡ್ಡ ಸಾಹೇಬನೊಬ್ಬ ಎರಡು ಕೂಗಿ ಮರ್ಯಾದೆಗೆ ಅಂಜಿ ನಿಂತಾಗಲೂ ಅವಳು ಕದಲಿರಲಿಲ್ಲ. ಸಾಹೇಬನೇ ಮೂರನೆಯದನ್ನು ಕೂಗಬೇಕಾಗಿ ಬಂದಿತ್ತು.

ಒಂದು ನೀರುಕೋಳಿ ಮುಳುಗಿ, ದೂರ ಎದ್ದು, ಮತ್ತೆ ಮುಳುಗಿತು. ಗೋಪಮ್ಮ ಹರಿಗೋಲು ನೀರಿಗೆ ನೂಕಿದಳು.

ಯಂಕೋಬ ಹತ್ತಿ ಎದುರಿಗೆ ಕೂತ. ಉಗುರ ಸಂದಿಯಲ್ಲಿ ಸುಣ್ಣ ಇನ್ನೂ ಹಾಗೇ ಇತ್ತು. ಹರಿಗೋಲು ಅರ್ಧ ನೀರು ದಾಟಿತು.

"ಮೂರನೇದು ಯಾಕ ಕೂಗಲಿಲ್ಲ?" ಎಂದಳು.

"ದನಿ ಹತ್ತಲಿಲ್ಲ."

ಆಚೆ ಸೀಮೆಯ ಎಮ್ಮೆಗಳಿಗೂ ಗೊತ್ತಿತ್ತು ಅದು ಸುಳ್ಳೆಂದು. ಗೋಪಮ್ಮ ಹುಟ್ಟು ಹಾಕಿದಳು.

"ಹುಸೇನಬಿ ಮುಂದ ಹೇಳಿದೆ" ಎಂದ ಅವನು.

"ಏನಂದಳು?"

"ಏನೂ ಅನಲಿಲ್ಲ. ಎರಡು ದಿನ ಅಂಗಡಿ ತಗೀಲಿಲ್ಲ. ಹೊರಗ ಹೋಗು ಅಂತನೂ ಅನಲಿಲ್ಲ. ನಾ ಗೋರಿ ಹಂತ್ಯಾಕ ಮಲಗಿದೆ. ಹಬ್ಬ ಮುಗದ ಮ್ಯಾಲೆ ಬಂದು ಒಂದು ಮಾತು ಕೇಳಿದಳು." ಯಂಕೋಬ ನೀರಿಗೆ ಕೈ ಇಳಿಬಿಟ್ಟ. "ಚಾಚಿ ನಮ್ಮಪ್ಪನ್ನ ಯಾಕ ಕರೀಲಿಲ್ಲ ಅಂತ."

ಹರಿಗೋಲು ಕಾಲು ಸುತ್ತು ತಿರುಗಿತು. ಗೋಪಮ್ಮ ತಿರುಗಗೊಟ್ಟ ಮೊದಲ ಸಲ ಅದು.

"ಕೂಗಿದ್ರ ಅಂವಗ ಕೇಳ್ತಿದ್ದಿಲ್ಲ. ನಾನಾ ಹೋಗಿ ಎಬ್ಬಿಸಬೇಕಿತ್ತು. ಹೋಗಿದ್ರ ಅಣ್ಣ ಸಿಗಬೀಳ್ತಿದ್ದ." ಉಸಿರು ತೆಗೆದುಕೊಂಡಳು. "ಇದು ಈಗ ಹೇಳೂ ಮಾತು. ಅವತ್ತು ನಾ ಇಷ್ಟೆಲ್ಲ ಅನಕೊಂಡಿದ್ದಿಲ್ಲ. ನೀ ಹೊರಗ ಬಂದಿ, ಅಷ್ಟ ಸಾಕಾಗಿತ್ತು ನನಗ."

"ನನಗ ಇದನ್ನ ಹೇಳಾಕ ಬರೂದಿಲ್ಲ ಅಂದೆ ಆಕಿಗಿ. ನಿಮ್ಮ ಚಾಚಿ ಬಾಯಿಲೇ ಕೇಳು ಅಂದೆ."

"ಏನಂದಳು?"

"ಕಳಸು ಅಂದಳು."

ಗಡ್ಡೆ ಇನ್ನು ಹತ್ತು ಮಾರು ಇತ್ತು. ಜೋಪಡಿಯಲ್ಲಿ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅದರ ಹೊಗೆ ಜಾಲಿಗಿಡದ ಮೇಲಿಂದ ಹೋಗುತ್ತಿತ್ತು. ಗೋಪಮ್ಮ ಹುಟ್ಟನ್ನು ಆಚೆ ಬದಿಗೆ ಹಾಕಿದಳು. ಹರಿಗೋಲು ಇನ್ನೂ ಕಾಲು ಸುತ್ತು ತಿರುಗಿ ಕರಿಗುಂಡಿನ ಕಡೆ ಮುಖ ಮಾಡಿತು.

"ಮಾನ್ವಿಯಿಂದ ದೇವದುರ್ಗದ ಬಸ್ಸು ಎಷ್ಟಕ್ಕ?"

"ಎರಡಕ್ಕ. ಅಂದ್ರ ನಾಕಕ್ಕ ಬರ್ತದ."

"ಅನ್ನ ಹೊತ್ತತದ."

"ಹೊತ್ಲಿ" ಎಂದ ಯಂಕೋಬ. ಇನ್ನೊಂದು ಹುಟ್ಟನ್ನು ತಾನು ತೆಗೆದುಕೊಂಡ.